ಕಿವಿಯ ಮೇಲಿನ ಹುಣ್ಣು

ಆಗ ಜನರನ್ನು ಒಪ್ಪಿಸಿ ಸಿಡುಬಿನ ಲಸಿಕೆ ಹಾಕುವುದು ನನ್ನ ಕೆಲಸ. ಸೊರಬದ ಕಡೆಯ ಹಳ್ಳಿಗಳನ್ನು ಸೈಕಲ್ಲಿನಲ್ಲಿ ಸುತ್ತುತ್ತಿದ್ದೆ. ನಾನು, ಅಣ್ಣ, ತಂಗಿ ಮೂವರೂ ಹುಟ್ಟಿನಿಂದಲೇ ಬಿಳಿ, ಕೂದಲು ಕೂಡ. ಬಿಸಿಲು ನಮ್ಮ ಚರ್ಮಕ್ಕೆ ಆಗುತ್ತಿರಲಿಲ್ಲ. ಕೆನ್ನೆಯ ಹುಣ್ಣು ಮಾಯದೆ, ಅದೇ ಕ್ಯಾನ್ಸರಾಗಿ ಅಣ್ಣ ತೀರಿಕೊಂಡ. ಅಂಥದೇ ಹುಣ್ಣು ನನ್ನ ಕಿವಿಯ ಮೇಲೆ ಎದ್ದಾಗ ಟವೆಲ್ ಸುತ್ತಿ ಮುಚ್ಚಿಕೊಂಡೆ. ಡಾಕ್ಟರು ಅದರ ಹೆಸರು ಹೇಳಿಬಿಟ್ಟರೆ ಎಂಬ ಭಯದಲ್ಲಿ ಆಸ್ಪತ್ರೆಯ ಕಡೆ ಹೋಗಲೇ ಇಲ್ಲ.

ಕುಬಟೂರಿನಲ್ಲಿ ಗಂಗಮ್ಮ ಎಂಬ ಅಜ್ಜಿ ಮೊಮ್ಮಗಳಿಗೆ ಲಸಿಕೆ ಬೇಡವೇ ಬೇಡ ಎಂದರು. ಬಗ್ಗಿ ಒಪ್ಪಿಸಲು ನೋಡುತ್ತಿದ್ದಾಗ ನನ್ನ ಟವೆಲ್ ಜಾರಿತು.

"ಅದೆಂಥದು ತಮ್ಮ, ಕಿವಿ ಮೇಲೆ?"

"ಏನಿಲ್ಲ ಅಜ್ಜಿ, ಗಾಯ."

"ಡಾಕ್ಟ್ರಿಗೆ ತೋರಿಸಿದ್ಯಾ?"

"ಇಲ್ಲ. ಹೆದರಿಕೆ."

"ನಂಗೂ ಹೆದರಿಕೆನೇ. ಮೊದ್ಲು ನೀ ತೋರಿಸ್ಕೊಂಡು ಬಾ. ಆಮೇಲೆ ಕೂಸಿನ ತೋಳು ನಾನೇ ಹಿಡೀತೀನಿ."

ಮರುದಿನ ಶಿಕಾರಿಪುರದ ಡಾಕ್ಟರ ಮುಂದೆ ಕೂತು ಟವೆಲ್ ತೆಗೆದೆ, ಅಣ್ಣನ ಹುಣ್ಣು, ತಂಗಿಯ ವಿಷಯ ಎಲ್ಲ ಹೇಳಿದೆ.

"ಇದೂ ಅದೇ ಇರಬೇಕು ಕಣ್ರೀ. ಆದರೆ ಬೇಗ ಬಂದಿದ್ದೀರಿ, ಕತ್ತರಿಸಿ ತೆಗೀಬಹುದು. ತಂಗೀನೂ ಕರ್ಕೊಂಡು ಬನ್ನಿ," ಎಂದು ನನ್ನನ್ನು ದೊಡ್ಡಾಸ್ಪತ್ರೆಗೆ ಕಳಿಸಿದರು. ಕಿವಿಯ ತುದಿ ಹೋಯಿತು, ನಾನು ಉಳಿದೆ.

ಮತ್ತೆ ಕುಬಟೂರಿಗೆ ಹೋದಾಗ ಗಂಗಮ್ಮ ನನ್ನ ಕಿವಿಯನ್ನು ತಿರುಗಿಸಿ ನೋಡಿದರು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿದರು.

ಡಾಕ್ಟರಿಗೆ ತೋರಿಸಿಕೋ ಎಂದರೆ ತಂಗಿ ಮಾತ್ರ ನನ್ನ ಮಾತಿಗೆ ಜಗ್ಗಲಿಲ್ಲ. ಕೊನೆಗೆ ಗಂಗಮ್ಮನನ್ನೇ ಅವಳ ಮನೆಗೆ ಕರೆದೊಯ್ದೆ. ಅವರು ಒಂದೇ ಮಧ್ಯಾಹ್ನದಲ್ಲಿ ಅವಳನ್ನು ಒಪ್ಪಿಸಿ ಶಿಕಾರಿಪುರದ ಬಸ್ಸು ಹತ್ತಿಸಿದರು. ಜನರನ್ನು ಒಪ್ಪಿಸಲೆಂದು ಸರ್ಕಾರ ಸಂಬಳ ಕೊಡುತ್ತಿದ್ದದ್ದು ನನಗೆ.