ಹದಿನಾಲ್ಕು ಬಂದರಿಗೆ ರೇಣುಕವ್ವನ ರೊಟ್ಟಿ

ಪಟ್, ಪಟ್, ಪಟ್. ಗುಡಗೇರಿ ಸ್ಟೇಷನ್ನಿನ ಹಿಂದಿನ ಓಣಿಗೆ ಬೆಳಗಾಗುವುದು ಈ ಸದ್ದಿನಿಂದಲೇ. ರೇಣುಕವ್ವ ರೊಟ್ಟಿ ಬಡಿಯುತ್ತಿದ್ದಾರೆ. ಬಡಿದ ರೊಟ್ಟಿ ಅಂಗೈ ಏರಿ ಕಾದ ಹಂಚಿಗೆ ಬೀಳುತ್ತದೆ, ಒದ್ದೆ ಅರಿವೆ ಅದರ ಮೇಲೆ ಒಮ್ಮೆ ಸುಳಿದಾಡುತ್ತದೆ, ಮಗುಚಿದ್ದೇ ತಡ ಉಬ್ಬುತ್ತದೆ. ಬೆಂದವು ಒಲೆಯ ಸುತ್ತ ಸಾಲಾಗಿ ಒರಗಿ ನಿಂತಿವೆ. ಮೂಲೆಯಲ್ಲಿ ಕಟ್ಟಿಟ್ಟ ಒಣರೊಟ್ಟಿಯ ಗಂಟುಗಳನ್ನು ಮುಟ್ಟಲು ಹೋದರೆ ಮಾತ್ರ ಗದರಿಕೆ ಗ್ಯಾರಂಟಿ.

"ಅವನ್ನ ಮುಟ್ಟಬ್ಯಾಡ್ರಿ. ಅವು ಹಡಗಕ್ಕ ಹೋಗೂವು ಅದಾವು."

ಗುಡಗೇರಿಗೂ ಹಡಗಿಗೂ ಎತ್ತಣ ಸಂಬಂಧ ಎಂದು ಹುಬ್ಬೇರಿಸಬೇಡಿ. ಐವತ್ತೆರಡು ವರ್ಷದ ರೇಣುಕವ್ವ ಕಂಡ ಅತಿ ದೊಡ್ಡ ನೀರೆಂದರೆ ಊರ ಕೆರೆ. ಅವರ ರೊಟ್ಟಿ ಮಾತ್ರ ಕೊಲಂಬೊ, ಸಿಂಗಾಪುರ, ಹಾಂಗ್‌ಕಾಂಗ್ ಎಲ್ಲ ಸುತ್ತಿ ಬಂದಿದೆ. ಮುಂಬಯಿಯ ಹೋಟೆಲ್ಲಿನಲ್ಲಿದ್ದ ತಮ್ಮ ಬೀರಲಿಂಗಪ್ಪ ಅಲ್ಲಿಂದ ಪ್ರವಾಸಿ ಹಡಗಿನ ಅಡುಗೆಮನೆ ಸೇರಿ ಈ 1986ಕ್ಕೆ ಆರು ವರ್ಷ. ಹಣವಂತರು ಮೂರು ತಿಂಗಳು ಬಂದರಿನಿಂದ ಬಂದರಿಗೆ ತಿರುಗಾಡುವ ಹಡಗದು. ಅವರು ಉಂಡ ತಾಟು ತೊಳೆಯುವುದು ಇವನ ಕೆಲಸ. ಬಂದರು ಬಂದಾಗ ಎರಡು ತಾಸು ಬಿಡುವು ಸಿಕ್ಕರೆ ಬಗಲಲ್ಲಿ ಅಕ್ಕನ ರೊಟ್ಟಿಯ ಗಂಟು ಇಟ್ಟುಕೊಂಡು ಕೆಳಗಿಳಿಯುತ್ತಾನೆ.

ತಿನ್ನುವುದಕ್ಕಷ್ಟೇ ಅಲ್ಲ, ಹಂಚುವುದಕ್ಕೆ. ಪಂಚಮಿಯ ಮುಂಚಿನ ರೊಟ್ಟಿ ಹಬ್ಬಕ್ಕೆ ಈ ಕಡೆ ಮನೆಮನೆಗೆ ರೊಟ್ಟಿ ಕೊಡುತ್ತಾರಲ್ಲ, ಪಡೆದವರು ತಾಟನ್ನು ಖಾಲಿ ಕಳಿಸುವುದಿಲ್ಲ. ಬೀರಲಿಂಗಪ್ಪ ಅದೇ ಪದ್ಧತಿಯನ್ನು ಸಮುದ್ರಕ್ಕೆ ಒಯ್ದಿದ್ದಾನೆ. ಕೊಲಂಬೊದ ಚಹಾದಂಗಡಿಯವಳು ರೊಟ್ಟಿ ತೆಗೆದುಕೊಂಡು ಒಂದು ಹಿಡಿ ಚಹಾಪುಡಿ ಕೊಟ್ಟಳು. ಹಾಂಗ್‌ಕಾಂಗಿನ ಮೀನು ಮಾರುವ ಮುದುಕಿ ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿ, ತಾಟೆಂದೇ ತಿಳಿದು ಅದರ ಮೇಲೆ ಒಣಸಿಗಡಿ ಸುರಿದಳಂತೆ! ರಜೆಗೆ ಬಂದ ತಮ್ಮ ಇದೆಲ್ಲ ಹೇಳುವಾಗ ರೇಣುಕವ್ವನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು. ಗೋಡೆಯ ಮಾಡದಲ್ಲಿ ಆ ಚಹಾಪುಡಿಯ ಡಬ್ಬಿ, ಒಂದು ಶಂಖ, ಯಾವುದೋ ದೇಶದ ಖರ್ಜೂರದ ಬೀಜ ಈಗಲೂ ಇವೆ.

"ಎಲ್ಲಾ ನಮ್ಮ ಬೀಗರ ಊರು ಇದ್ದಂಗನ ಆಗ್ಯಾವ ನೋಡ್ರಿ. ಹೆಸರು ಹೇಳಾಕ ನಾಲಿಗಿ ಒಲ್ಲೆ ಅಂತೈತಿ, ಅಷ್ಟ."

ಮೊದಲ ವರ್ಷ ಮಾತ್ರ ಎಡವಟ್ಟಾಗಿತ್ತು. ತಮ್ಮನಿಗೆ ಆರಿದ ರೊಟ್ಟಿ ಕಟ್ಟಲು ಮನಸ್ಸು ಬರದೆ ಹಂಚಿನಿಂದ ಇಳಿದವನ್ನೇ ಬಿಸಿಬಿಸಿಯಾಗಿ ಗಂಟು ಕಟ್ಟಿಬಿಟ್ಟರು. ಒಳಗೆ ಬೆವೆತ ರೊಟ್ಟಿ ಕೊಲಂಬೊ ತಲುಪುವ ಮೊದಲೇ ಬೂಸು ಹಿಡಿದು ಸಮುದ್ರದ ಪಾಲಾಯಿತೆಂದು ತಮ್ಮ ಕಾಗದ ಬರೆದ. "ಆ ಕಾಗದ ಓದಿಸಿಕೊಂಡ ದಿನ ನನಗ ತುತ್ತು ಇಳೀಲಿಲ್ರಿ. ಅಕ್ಕರತಿ ಹೆಚ್ಚಾದ್ರೂ ರೊಟ್ಟಿ ಕೆಡತೈತಿ" ಎನ್ನುತ್ತಾರೆ. ಅಂದಿನಿಂದ ಬೆಂಕಿಯ ಮುಂದೆ ಒಣಗಿಸಿ, ಮೂರು ದಿನ ಗಾಳಿಗೆ ಆರಿಸದೆ ಕಟ್ಟುವುದಿಲ್ಲ.

ಗಂಡ ತೀರಿಕೊಂಡಾಗ ರೇಣುಕವ್ವನಿಗೆ ಇಪ್ಪತ್ತೊಂಬತ್ತು. ಅಂದು ಹಿಡಿದ ಹಿಟ್ಟು ಇಂದಿಗೂ ಕೈಬಿಟ್ಟಿಲ್ಲ. ದಿನಕ್ಕೆ ನೂರಿಪ್ಪತ್ತು ರೊಟ್ಟಿ ಮುಂಜಾನೆಯ ರೈಲಿನಲ್ಲಿ ಹುಬ್ಬಳ್ಳಿಯ ಖಾನಾವಳಿಗೆ ಹೋಗುತ್ತವೆ. ಹೊಗೆಗೆ ಕಣ್ಣು ಸದಾ ಕೆಂಪು, ಬೆರಳ ತುದಿಗೆ ಬಿಸಿ ತಿಳಿಯುವುದೇ ಇಲ್ಲ. ಖಾನಾವಳಿಯಲ್ಲಿ ಉಂಡು ಡರ್ರೆಂದು ತೇಗುವವರು ಇದು ಯಾರ ಕೈಯ ರೊಟ್ಟಿ ಎಂದು ಈವರೆಗೆ ಕೇಳಿಲ್ಲ. ನನಗಂತೂ ಇದು ಅನ್ಯಾಯ ಎನಿಸುತ್ತದೆ. ಅವರಿಗೆ ಎನಿಸಿದಂತಿಲ್ಲ.

ಈ ಸಂಕ್ರಾಂತಿಗೆ ಬಂದ ಕಾಗದ ಮಾತ್ರ ಓಣಿಯನ್ನೇ ಕುಣಿಸಿದೆ. ಇದೇ ಮೊದಲ ಬಾರಿಗೆ ತಮ್ಮನ ಹಡಗು ಮರ್ಮಗೋವಾಕ್ಕೆ ಬರುತ್ತಿದೆ! ಸೋಮವಾರ ಮುಂಜಾನೆ ಬಂದು ಸಂಜೆಗೆ ಹೊರಟೇಬಿಡುತ್ತದೆ. ಮುಂದೆ ಇನ್ನೂ ಹದಿನಾಲ್ಕು ಬಂದರು. ಬಂದರಿಗೆ ಇಪ್ಪತ್ತರಂತೆ ಇನ್ನೂರ ಎಂಬತ್ತು ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಸೇರಿ, ಸಿದ್ಧವಾಗಿವೆ. ಇಷ್ಟು ವರ್ಷ ರಜೆ ಮುಗಿಸಿ ಹೊರಡುವಾಗ ತಮ್ಮನೇ ಒಯ್ಯುತ್ತಿದ್ದ; ಈ ಸಲ ಕೊಡಲು ಹೋಗುವವರು ಸ್ವತಃ ರೇಣುಕವ್ವ. ನಾಳೆ ಹೊರಡಬೇಕು. ಆದರೆ ಎರಡು ದಿನದಿಂದ ಕವಿದ ಮಂಜು ಅವರ ಜೀವ ತಿನ್ನುತ್ತಿದೆ. ರೊಟ್ಟಿ ತಂಪು ಹೀರಿದ್ದರೆ ಮತ್ತೆ ಬೂಸು, ಮತ್ತೆ ಸಮುದ್ರದ ಪಾಲು. ಹೊಸದಾಗಿ ಒಣಗಿಸಲು ಹೊತ್ತಿಲ್ಲ.

ಬಿಸಿಲು ಬೀಳುತ್ತಲೇ ಬಾಜು ಮನೆಯ ಶಮೀಮಾಬಿಯನ್ನು ಕರೆಯುತ್ತಾರೆ. ಒಣಗಿದ ರೊಟ್ಟಿಯ ಸದ್ದು ಗುರುತಿಸುವುದರಲ್ಲಿ ಆಕೆಯ ಕಿವಿ ಓಣಿಗೇ ಹೆಸರುವಾಸಿ.

"ನಡುವಿನ ಗಂಟು ಬಿಚ್ಚಿ ಮುರಿ ಬೇ. ಮ್ಯಾಲಿಂದು ಬ್ಯಾಡ, ಅದು ಸುಳ್ಳು ಹೇಳತೈತಿ."

ಶಮೀಮಾಬಿ ಗಂಟು ಬಿಚ್ಚಿ, ಒಂದು ರೊಟ್ಟಿ ಎಳೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಟಕ್! ಇನ್ನೊಂದು. ಟಕ್!

"ಅಗದಿ ಪಾಪಡ್ ಆಗ್ಯಾವ ಅಕ್ಕಾ! ದುನಿಯಾ ಸುತ್ತಿ ಬಂದ್ರೂ ಏನೂ ಆಗಂಗಿಲ್ಲ."

ರೇಣುಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹುಡುಗಿಯಂತೆ ನಗುತ್ತಾರೆ. ಗಂಟುಗಳನ್ನು ಮತ್ತೆ ಬಿಗಿದು, ಮಾಡದ ಕೆಳಗಿಂದ ಬೆಳಗಿಟ್ಟ ಹಿತ್ತಾಳೆಯ ತಂಬಿಗೆಯೊಂದನ್ನು ತೆಗೆದು ಚೀಲದ ಮೇಲಿಡುತ್ತಾರೆ. ದಾರಿಗೆ ನೀರೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ. ಹಡಗು ಹತ್ತುವ ಆಸೆಯೂ ಅವರಿಗಿಲ್ಲ. ತಮ್ಮನ ಕೈಗೆ ಗಂಟು ಕೊಟ್ಟು ದಂಡೆಯ ಮೇಲೆ ಒಂದು ಗಳಿಗೆ ನಿಂತರೆ ಸಾಕಂತೆ.

"ತಂಬಿಗಿ ಖಾಲಿನ ಒಯ್ತೇನ್ರಿ. ಆರು ವರ್ಷ ಸಮುದ್ರಕ್ಕ ರೊಟ್ಟಿ ಕೊಟ್ಟಾಕಿ ನಾನು. ಅದರ ಬಾಗಲಕ್ಕ ಹೋದರ ಖಾಲಿ ಕಳಸತೈತೇನು?"