ಒಳ್ಳೆಯ ಗೃಹಿಣಿಯ ಎಡಗೈ

ಹಾರ್ಲೆಮ್ ಊರಿನ ಫೆಮ್ಮೆ ಹುಟ್ಟು ಎಡಚಿ. ಹೆರಿಂಗ್ ಮೀನು ಸೀಳುವುದಿರಲಿ, ಬಟ್ಟೆ ಹೊಲಿಯುವುದಿರಲಿ, ಎಲ್ಲಕ್ಕೂ ಎಡಗೈಯೇ ಮುಂದು. ಚಿಕ್ಕಂದಿನಲ್ಲಿ ತಾಯಿ ಆ ಕೈಯನ್ನು ಲಂಗದ ಲಾಡಿಗೆ ಕಟ್ಟಿಹಾಕಿ ನೋಡಿದ್ದಳು. ಮದುವೆಯಾದ ಮೇಲೆ ಬೈಯುವ ಕೆಲಸ ಅತ್ತೆ ಡೀವರ್ ಪಾಲಿಗೆ ಬಂತು. ಹುಟ್ಟುಗುಣ ಸುಟ್ಟರೆ ಹೋಗುತ್ತದೆಯೇ? ಫೆಮ್ಮೆ ನಗುತ್ತಿದ್ದಳು, ಕೈ ಮಾತ್ರ ಬದಲಿಸುತ್ತಿರಲಿಲ್ಲ.

ಗಂಡ ಬಾರೆಂಟ್ ಅಚ್ಚಿನ ಮನೆಗಳಿಗೆ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದುಕೊಡುವವನು. ಮನೆಮನೆಯ ಗೋಡೆಗೆ ಅಂಟಿಸಲು ‘ಒಳ್ಳೆಯ ಗೃಹಿಣಿ’ಯ ಚಿತ್ರ ಬೇಕೆಂದು ಅಚ್ಚಿನವರು ಕೇಳಿದಾಗ, ಹೊಲಿಯುತ್ತ ಕೂತಿದ್ದ ಹೆಂಡತಿಯನ್ನೇ ನೋಡಿ ಕೊರೆಯತೊಡಗಿದ.

“ಸೂಜಿ ಬಲಗೈಗೆ ಕೊಡೋ!” ಎಂದು ಪಕ್ಕದಲ್ಲೇ ಕಾವಲು ನಿಂತಿದ್ದ ಡೀವರ್ ಗದರಿದಳು. “ಊರ ಹೆಣ್ಮಕ್ಕಳು ನೋಡಿ ಕಲಿಯೋ ಚಿತ್ರ ಇದು.”

“ಆಯ್ತಮ್ಮಾ, ಕೊಟ್ಟೆ. ಸ್ವಲ್ಪ ಸುಮ್ನಿರು,” ಎಂದ ಬಾರೆಂಟ್, ತಗಡಿನ ಮೇಲಿನ ಹೆಂಗಸಿನ ಬಲಗೈಗೇ ಸೂಜಿ ಕೊಟ್ಟ. ತಗಡಿನಲ್ಲಿ ಬಲಕ್ಕಿದ್ದದ್ದು ಅಚ್ಚೊತ್ತಿದ ಹಾಳೆಯಲ್ಲಿ ಎಡಕ್ಕೆ ಬರುತ್ತದೆ ಎಂಬುದು, ಇಪ್ಪತ್ತು ವರ್ಷ ಅದೇ ಕಸುಬು ಮಾಡಿದವನಿಗೆ, ಅಮ್ಮನ ಗಲಾಟೆಯಲ್ಲಿ ಮರೆತೇಹೋಯಿತು.

ಮುನ್ನೂರು ಹಾಳೆ ಅಚ್ಚಾಗಿ ಊರೆಲ್ಲ ಹಂಚಿಹೋದವು. ಡೀವರ್ ತನ್ನ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಅಯ್ಯಯ್ಯೋ, ಎಡಗೈ!”

“ಇರ್ಲಿ ಬಿಡಿ ಅತ್ತೆ, ಊರ ಹೆಣ್ಮಕ್ಕಳು ನೋಡಿ ಕಲೀಲಿ,” ಎಂದ ಫೆಮ್ಮೆ, ರೊಟ್ಟಿಗೆ ಬೆಣ್ಣೆ ಸವರಿ ಎಡಗೈಯಲ್ಲೇ ಚಾಚಿದಳು.

ಡೀವರ್ ಒಮ್ಮೆ ಗೋಡೆ ನೋಡಿದಳು, ಒಮ್ಮೆ ಸೊಸೆಯನ್ನು ನೋಡಿದಳು. ಆಮೇಲೆ ರೊಟ್ಟಿ ಇಸಿದುಕೊಂಡು ತಿಂದಳು.