ಕೇಜಿನಲ್ಲಿ ತೂಗಿದ್ದು

ಕೋರಮಂಡಲ್ ಚಿನ್ನದ ಗಣಿಯೊಳಗಿನ ತಕ್ಕಡಿ ಪರೀಕ್ಷಿಸಲು ಹೊರಟಿದ್ದೆ. ಕೈಯಲ್ಲಿದ್ದ ಸ್ಪ್ರಿಂಗ್ ತಕ್ಕಡಿಗೆ ಒಂದು ಕಿಲೋ ತೂಕದ ಕಲ್ಲು ನೇತುಹಾಕಿದ್ದೆ. ನಮ್ಮನ್ನು ಗಣಿಗೆ ಇಳಿಸುವ ಲಿಫ್ಟಿನಂಥ ಕೇಜ್ ಗಕ್ಕನೆ ಕೆಳಕ್ಕೆ ಹೊರಟಿತು, ಮುಳ್ಳು ಮುಕ್ಕಾಲು ಕಿಲೋಗೆ ಬಂತು.

"ಏನ್ ಸಾ, ತೂಕ ಕಮ್ಮಿಯಾಯ್ತು?" ಎಂದ ಪಕ್ಕದಲ್ಲಿದ್ದ ಕಾರ್ಮಿಕ ಮುನಿಯಪ್ಪ.

"ಭೂಮಿ ಎಳೆಯೋದು ಯಾವಾಗ್ಲೂ ಅಷ್ಟೇ ಕಣಪ್ಪ. ಕೇಜ್ ಕೆಳಕ್ಕೆ ಧುಮುಕಿದಾಗ ತಕ್ಕಡಿ ಕಮ್ಮಿ ತೋರಿಸುತ್ತೆ, ಮೇಲಕ್ಕೆ ಜಿಗಿದಾಗ ಜಾಸ್ತಿ" ಎಂದೆ.

"ಅಂಗಾದ್ರೆ ನನ್ ಮಗೀನ ಮೇಲೋಗೋ ಕೇಜಲ್ಲೇ ತೂಗ್ಬೇಕು ಸಾ. ಉಟ್ದಾಗಿಂದ ತೂಕಾನೇ ಬಂದಿಲ್ಲ ಅಂತ ಡಾಕ್ಟ್ರು ಬಯ್ತಾರೆ."

ಎಲ್ಲರೂ ನಕ್ಕರು. ಅವನು ಮಾತ್ರ ಮುಳ್ಳನ್ನೇ ನೋಡುತ್ತಿದ್ದ.

ಮರುವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ ಮುನಿಯಪ್ಪ, "ಇಡ್ಕಳಿ ಸಾ" ಎಂದು ಮಗಳನ್ನು ನನ್ನ ತೋಳಿಗೆ ಹಾಕಿದ. ಪ್ಲಾಟ್‌ಫಾರ್ಮ್ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಮಗುವಿನ ಭಾರಕ್ಕೆ ನನ್ನ ತೋಳು ಮಾತ್ರ ಜಗ್ಗಿತು.